ಹೊಸ್ತಿಲು ತಗ್ಗಿದ ಮನೆ

ನಮ್ಮ ಹಳೆಯ ಮನೆಯ ಮಾಡಿನಿಂದ ಹಂಚು ಇಳಿಸುತ್ತಿದ್ದ ದಿನ ಕೆಲಸದವರೊಬ್ಬರು ಒಂದು ಹಂಚನ್ನು ಪಂಚೆಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟರು. ಪಾಚಿ ಹೋದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಉಬ್ಬಿಕೊಂಡಿದ್ದವು: ಬಾಸೆಲ್ ಮಿಶನ್ ಟೈಲ್ ವರ್ಕ್ಸ್, 1865. "ನಿಮ್ಮ ಮನೆಗೆ ನೂರೈವತ್ತು ವರ್ಷ ದಾಟಿದೆ ನೋಡಿ" ಎಂದರು ಅವರು.

ದಾಟಿರಲಿಲ್ಲ. ಮನೆ ಕಟ್ಟಿಸಿದವರು ನನ್ನ ಅಜ್ಜ. ಹೆಬ್ಬಾಗಿಲಿನ ದಾರಂದದ ಮೇಲೆ 1938 ಎಂದು ಕೊರೆದಿದೆ. ಹಂಚಿನ ಮೇಲಿನ 1865 ಕಾರ್ಖಾನೆ ಶುರುವಾದ ವರ್ಷ, ಆ ಹಂಚು ಸುಟ್ಟ ವರ್ಷವಲ್ಲ. ಆದರೆ ಅಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ನಂಟಿನ ಕಾರಣಕ್ಕೆ ಬಾಸೆಲ್ ಮಿಶನ್ನಿನ ಉದ್ಯಮಗಳು ಅದರ ಕೈತಪ್ಪಿದವು. ಮುಂದೆ ಅವನ್ನು ನಡೆಸಿದ್ದು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿ. ಹಾಗಾದರೆ 1938ರ ಮನೆಯ ಮೇಲೆ ಮಿಶನ್ನಿನ ಮುದ್ರೆಯ ಹಂಚು ಹೇಗೆ ಬಂತು? ಅಜ್ಜ ಯಾರದೋ ಮನೆ ಬಿಚ್ಚಿದಾಗ ಬಂದ ಹಂಚನ್ನು ಅಗ್ಗಕ್ಕೆ ಕೊಂಡಿರಬೇಕು. ನಮ್ಮ ಮನೆಯ ಮಾಡು ನಮ್ಮ ಮನೆಗಿಂತ ಹಳೆಯದು.

ಈ ಹಂಚು ನನ್ನ ಕೈಗೆ ಬಂದದ್ದು ಒಂದು ಜಗಳದ ನಡುವೆ. ಎರಡು ಮಳೆಗಾಲದ ಹಿಂದೆ ಅಮ್ಮ ಬಚ್ಚಲಿನ ಹೊಸ್ತಿಲು ಎಡವಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಯ ನಂತರ ಸ್ವಲ್ಪ ದಿನ ವಾಕರ್ ಹಿಡಿದಳು, ಆಮೇಲೆ ಗಾಲಿಕುರ್ಚಿಗೆ ಬಂದಳು. ನಮ್ಮ ಜಗಲಿಗೆ ಐದು ಮೆಟ್ಟಿಲು. ಆಸ್ಪತ್ರೆಗೆ ಹೋಗುವ ದಿನ ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ಪಕ್ಕದ ಮನೆಯ ಹುಡುಗನೂ ಹೊತ್ತು ಇಳಿಸುತ್ತಿದ್ದೆವು. ಮೂರನೆಯ ಸಲ ಇಳಿಸುವಾಗ ಅವಳು ಕುಂದಾಪುರದ ಕನ್ನಡದಲ್ಲಿ ಹೇಳಿದ ಮಾತು ನನಗೆ ಮರೆಯುವುದಿಲ್ಲ: "ನನ್ನ್ ಹೊತ್ಕಂಡ್ ಹೋಪುದ್ ಒಂದ್ ಸಲ ಸಾಕ್, ಮಗಾ."

ಮನೆಯ ಹಿಂಭಾಗದ ಮರಕ್ಕೆ ಗೆದ್ದಲು ಹಿಡಿದಿತ್ತು. ಹೇಗೂ ಬಿಚ್ಚಲೇಬೇಕು, ಹೊಸದಾಗಿಯೇ ಕಟ್ಟೋಣ ಎಂದು ತೀರ್ಮಾನಿಸಿದೆವು. ಸಮುದ್ರಕ್ಕೆ ಹತ್ತಿರದ ಜಾಗ, ನಾಲ್ಕು ತಿಂಗಳ ಮಳೆ, ಗಾಲಿಕುರ್ಚಿಯ ಅಮ್ಮ. ಇವು ಮೂರಕ್ಕೂ ಒಗ್ಗುವ ಮನೆ ಬೇಕಿತ್ತು. ತಮ್ಮ ಕಾಂಕ್ರೀಟಿನ ತಾರಸಿ ಎಂದ. ನಾನು ಹಂಚಿನ ಮಾಡು ಎಂದೆ. ಮೇಸ್ತ್ರಿ ನಮ್ಮಿಬ್ಬರ ಮಾತಿಗೂ ನಕ್ಕರು. "ಹಿಂದಿನವರು ಕಟ್ಟಿದ ಹಾಗೆ ಕಟ್ಟಿದರೆ ತೊಂದರೆಯೇ ಇಲ್ಲ" ಎಂದರು. ಹಿಂದಿನವರು ಎಂದರೆ ಯಾರು, ಯಾವಾಗಿನವರು ಎಂಬ ಪ್ರಶ್ನೆಯ ಬೆನ್ನು ಹತ್ತಿ ಹೋದದ್ದರಿಂದ ಈ ಬರಹ.

ಗೋಡೆಯಿಂದಲೇ ಶುರು ಮಾಡುತ್ತೇನೆ. ನಮ್ಮ ಗೋಡೆ ಮುರಕಲ್ಲಿನದು. ಕೆಂಪುಕಲ್ಲು ಎಂದೂ ಹೇಳುತ್ತಾರೆ, ಉತ್ತರ ಕನ್ನಡದಲ್ಲಿ ಚಿರೆಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವುದು ಇದರ ಗುಣ. ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು, ಕೆನರಾ, ಮಲಬಾರುಗಳಲ್ಲಿ 1800-01ರಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರಂ ಬಳಿ ಇದನ್ನು ಗಮನಿಸಿದ. ಜನ ಇದನ್ನು ಇಟ್ಟಿಗೆಯ ಹಾಗೆ ಬಳಸುವುದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ 'ಲ್ಯಾಟರೈಟ್' ಎಂಬ ಹೆಸರು ಕೊಟ್ಟ. ಇಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಳಸುವ ಈ ಪದದ ಹಿಂದೆ ಇರುವುದು ಪಶ್ಚಿಮ ಕರಾವಳಿಯ ಕಲ್ಲು ಕಡಿಯುವವರ ಕಸುಬು. ಗಾರೆಗೆ ಸುಣ್ಣವೂ ದೂರದಿಂದ ಬರುತ್ತಿರಲಿಲ್ಲ. ಹೊಳೆಯ ಅಳಿವೆಯಲ್ಲಿ ಸಿಗುವ ಚಿಪ್ಪನ್ನು ಸುಟ್ಟರೆ ಸುಣ್ಣವಾಗುತ್ತಿತ್ತು. ಕಲ್ಲು, ಚಿಪ್ಪು, ಮರ ಎಲ್ಲವೂ ಹತ್ತಿರದವು. ಇಂದು ನಾವು 'ಸುಸ್ಥಿರ' ಎಂದು ಕರೆಯುವುದು ಅವರಿಗೆ ಗಾಡಿ ಬಾಡಿಗೆಯ ಉಳಿತಾಯವಾಗಿತ್ತು.

ಆದರೆ ಮಾಡಿನ ಮಾತು ಬೇರೆ. ಹಂಚಿನ ಮಾಡು ಕರಾವಳಿಯ ಅನಾದಿ ಕಾಲದ ಗುರುತು ಎಂದು ನಾನು ನಂಬಿದ್ದೆ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಇಲ್ಲಿನ ಹೆಚ್ಚಿನ ಮನೆಗಳ ಮೇಲಿದ್ದದ್ದು ಮುಳಿಹುಲ್ಲು ಅಥವಾ ತೆಂಗಿನ ಮಡಲು. ಪಕ್ಕದ ಮಲಬಾರಿನಲ್ಲಂತೂ ಸಾಮಾನ್ಯರು ಹಂಚು ಹೊದೆಸಲು ಅರಸರ ಅನುಮತಿ ಪಡೆಯಬೇಕಿದ್ದ ಕಾಲವೊಂದಿತ್ತು. ತಲೆಯ ಮೇಲೆ ಏನಿದೆ ಎಂಬುದು ಮಳೆಯ ಪ್ರಶ್ನೆ ಮಾತ್ರವಲ್ಲ, ಅಂತಸ್ತಿನ ಪ್ರಶ್ನೆಯೂ ಆಗಿತ್ತು.

ಬದಲಾವಣೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಕನ್ನಡ ಓದುಗರಿಗೆ ಈ ಸಂಸ್ಥೆ ಗೊತ್ತಿರುವುದು ಮುದ್ರಣದಿಂದ. 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರು ಸಮಾಚಾರ', 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟು ಎರಡೂ ಈ ಬಳಗದವು. ಅದೇ ಮಿಶನ್ನಿನ ಮುದ್ರಣದ ಕೆಲಸದಲ್ಲಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಡದ ಜೇಡಿಮಣ್ಣಿನ ಮೇಲೆ ಪ್ರಯೋಗ ಮಾಡಿ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಚಪ್ಪಟೆ ಹಂಚಿನ ಕಲ್ಪನೆ ಅವನದ್ದಲ್ಲ. ಅದನ್ನು ಫ್ರಾನ್ಸಿನ ಆಲ್ಸೇಸ್ ಪ್ರದೇಶದ ಆಲ್ಟ್‌ಕಿರ್ಕ್ ಊರಿನ ಗಿಲಾರ್ಡೋನಿ ಸಹೋದರರು 1841ರಲ್ಲೇ ಪೇಟೆಂಟ್ ಮಾಡಿದ್ದರು. ಮತಾಂತರವಾಗಿ ಜಾತಿಯ ಕಸುಬನ್ನೂ ಆಸರೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಕೊಡುವುದು ಮಿಶನ್ನಿನ ಉದ್ದೇಶವಾಗಿತ್ತು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆಗಳಲ್ಲೂ ಅದರ ಕಾರ್ಖಾನೆಗಳು ಎದ್ದವು. ಸ್ಥಳೀಯ ಉದ್ಯಮಿಗಳೂ ಹಿಂದೆ ಬೀಳಲಿಲ್ಲ. ಒಂದೆರಡು ತಲೆಮಾರಿನೊಳಗೆ 'ಮಂಗಳೂರು ಹಂಚು' ಎಂಬುದು ಹಡಗು ಹತ್ತಿ ಪರದೇಶಗಳಿಗೂ ಹೋಯಿತು.

ಹಾಗಾದರೆ ನಾನು 'ಪರಂಪರೆ' ಎಂದು ತಮ್ಮನ ಮುಂದೆ ವಾದಿಸುತ್ತಿದ್ದದ್ದು ಆಲ್ಸೇಸಿನ ವಿನ್ಯಾಸ, ಜರ್ಮನ್ ಯಂತ್ರಜ್ಞಾನ, ನೇತ್ರಾವತಿಯ ಮಣ್ಣು ಮತ್ತು ಜಾತಿಯಿಂದ ಹೊರಬಿದ್ದವರ ದುಡಿಮೆ ಸೇರಿ ಆದದ್ದು. ನನ್ನ ಅಜ್ಜನ ತಂದೆಯ ಕಾಲದ ಹಿರಿಯರಿಗೆ ಹಂಚಿನ ಮಾಡು ಹೊಸ ಫ್ಯಾಷನ್ನಿನ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇದು ಗೊತ್ತಾದಾಗ ನನಗೆ ನಿರಾಸೆಯಾಗಲಿಲ್ಲ. ಬದಲಿಗೆ ಒಂದು ಬಗೆಯ ಧೈರ್ಯ ಬಂತು. ಮಾಡು ಬದಲಾದ ಮೇಲೂ ಅದು ಕರಾವಳಿಯ ಮನೆಯಾಗಿಯೇ ಉಳಿಯಿತಲ್ಲ. ಅಂದರೆ ಇನ್ನೂ ಕೆಲವನ್ನು ಬದಲಾಯಿಸಬಹುದು.

ಬದಲಾಗಬೇಕಿದ್ದದ್ದು ಎತ್ತರ. ಹಳೆಯ ಮನೆಯ ಪಂಚಾಂಗ, ಅಂದರೆ ಅಡಿಪಾಯದ ಮೇಲಿನ ಕಟ್ಟೆ, ಅಂಗಳದಿಂದ ಎರಡೂವರೆ ಅಡಿ ಎತ್ತರಕ್ಕಿತ್ತು. ಅದಕ್ಕೆ ಕಾರಣವಿದೆ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹೊಳೆಯಲ್ಲಿ ನೆರೆ ಬಂದ ಹೊತ್ತಿಗೇ ಸಮುದ್ರದಲ್ಲಿ ಭರತವೂ ಇದ್ದರೆ ನೀರು ಇಳಿಯಲು ಜಾಗವಿಲ್ಲದೆ ಅಂಗಳಕ್ಕೆ ನುಗ್ಗುತ್ತದೆ. ನಮ್ಮ ಜಗಲಿಯ ಕೆಳಗಿನ ಗೋಡೆಯಲ್ಲಿ ನೀರು ನಿಂತ ಕಲೆ ಒಂದೂವರೆ ಅಡಿಯವರೆಗಿದೆ. ಮೇಲಿನ ಹೊಸ್ತಿಲೂ ಅದೇ ಕೆಲಸಕ್ಕೆ. ಇರಚಲು ನೀರು, ಹಾವು, ಚೇಳು ಒಳಗೆ ಬಾರದಂತೆ.

ಆದರೆ ಹೊಸ್ತಿಲು ತಡೆದದ್ದು ನೀರನ್ನೂ ಹಾವನ್ನೂ ಮಾತ್ರವಲ್ಲ. ಅಂಗಳ, ಜಗಲಿ, ಚಾವಡಿ, ಒಳಕೋಣೆ ಎಂಬ ಈ ಏರಿಕೆ ಯಾರು ಎಲ್ಲಿಯವರೆಗೆ ಬರಬಹುದು ಎಂಬುದರ ನಕ್ಷೆಯೂ ಆಗಿತ್ತು. ಗದ್ದೆಯ ಕೆಲಸದವರು ಅಂಗಳದಲ್ಲಿ, ಲೆಕ್ಕ ಒಪ್ಪಿಸಲು ಬಂದವರು ಜಗಲಿಯಲ್ಲಿ, ನಂಟರು ಚಾವಡಿಯಲ್ಲಿ, ಹೆಂಗಸರು ಅದಕ್ಕೂ ಒಳಗೆ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿಯಬೇಕಿರಲಿಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ಅಜ್ಜಿ ಅಂಗಳದ ಮೂಲೆಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದಳು. ಎಷ್ಟು ಮಳೆ ಬಂದರೂ ಅವಳು ಸೂರಿನ ಅಂಚಿನವರೆಗೆ ಬರುತ್ತಿದ್ದಳೇ ಹೊರತು ಮೆಟ್ಟಿಲು ಹತ್ತುತ್ತಿರಲಿಲ್ಲ. ಅವಳಿಗೆ ಕಾಲು ಗಟ್ಟಿಯಿತ್ತು. ಆದರೂ ಆ ಐದು ಮೆಟ್ಟಿಲು ಅವಳಿಗೆ ಹತ್ತಲಾಗದವೇ ಆಗಿದ್ದವು. ಅಮ್ಮನನ್ನು ಕುರ್ಚಿಯಲ್ಲಿ ಹೊತ್ತು ಇಳಿಸುವಾಗ ಆ ಅಜ್ಜಿ ನೆನಪಾದಳು. ಹಳೆಯ ಮನೆ ಮಳೆಯನ್ನು ಬಲ್ಲದು, ಗಾಳಿಯನ್ನು ಬಲ್ಲದು. ಆದರೆ ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳುವುದನ್ನು ಅದು ಕಲಿತಿರಲಿಲ್ಲ. ಹಳೆಯದನ್ನು ಹೊಗಳುವಾಗ ಇದನ್ನು ಮರೆಯುವುದು ನನಗೆ ಸರಿ ಕಾಣಲಿಲ್ಲ.

ತಮ್ಮನ ತಾರಸಿಯ ವಾದಕ್ಕೂ ಅದರದೇ ಚರಿತ್ರೆಯಿದೆ. ನಮ್ಮ ಕಡೆ ಮುಂಬೈ, ಬೆಂಗಳೂರಿನ ಹೋಟೆಲುಗಳಿಂದಲೂ ಆಮೇಲೆ ಕೊಲ್ಲಿ ದೇಶಗಳಿಂದಲೂ ಹಣ ಬಂದ ಹಾಗೆ ಹಂಚು ಇಳಿದು ಕಾಂಕ್ರೀಟ್ ಏರಿತು. ವರ್ಷ ವರ್ಷ ಹಂಚು ಮಗುಚುವ ಕೆಲಸ ತಪ್ಪಿತು. ಆದರೆ ಕಡಲ ಗಾಳಿಯ ಉಪ್ಪು ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ಒಳಗಿನ ಕಬ್ಬಿಣವನ್ನು ತಲುಪುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಆಗ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಇದಕ್ಕಾಗಿಯೇ ಭಾರತೀಯ ಮಾನಕ 456, ಅದರ 2000ದ ಆವೃತ್ತಿಯಲ್ಲಿ, ಕಡಲ ತೀರದ ಗಾಳಿಗೆ ಒಡ್ಡಿಕೊಂಡ ಕಾಂಕ್ರೀಟು ಕನಿಷ್ಠ ಎಂ30 ದರ್ಜೆಯದ್ದಿರಬೇಕು, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಇರಬೇಕು ಎನ್ನುತ್ತದೆ. ನಮ್ಮೂರಲ್ಲಿ ಎಷ್ಟು ಮನೆಗಳಲ್ಲಿ ಹೀಗೆ ಮಾಡಿದ್ದಾರೆ ಎಂದು ಮೇಸ್ತ್ರಿಯನ್ನು ಕೇಳಿದೆ. ಅವರು ಬೀಡಿ ಹಚ್ಚಿಕೊಂಡರು.

ಕಟ್ಟುವ ಮೊದಲು ಇನ್ನೊಂದು ಗೆರೆ ದಾಟಬೇಕಿತ್ತು. 1981ರಲ್ಲಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಭರತದ ಗೆರೆಯಿಂದ 500 ಮೀಟರ್‌ವರೆಗಿನ ತೀರವನ್ನು ಕಟ್ಟಡಗಳಿಂದ ಕಾಪಾಡಲು ಹೇಳಿದ್ದರು. ಹತ್ತು ವರ್ಷಗಳ ನಂತರ, 1991ರಲ್ಲಿ, ಪರಿಸರ ಸಂರಕ್ಷಣಾ ಕಾಯ್ದೆಯಡಿ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂತು. 2011ರಲ್ಲೂ 2019ರಲ್ಲೂ ಅದು ಹೊಸ ರೂಪ ಪಡೆಯಿತು. 2019ರ ಅಧಿಸೂಚನೆ ದಟ್ಟ ಜನವಸತಿಯ ಹಳ್ಳಿಗಳಲ್ಲಿ ಕಟ್ಟಡ ನಿಷಿದ್ಧ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿದೆ. ನಮ್ಮ ಜಾಗ 200 ಮೀಟರಿನ ಆಚೆ, 500ರ ಈಚೆ ಇದೆ. ಒಪ್ಪಿಗೆಯ ಕಾಗದಕ್ಕಾಗಿ ತಿಂಗಳುಗಟ್ಟಲೆ ಅಲೆದಾಗ ಬೈದುಕೊಂಡದ್ದುಂಟು. ಆದರೆ ಕಡಲ್ಕೊರೆತಕ್ಕೆ ತೆಂಗಿನ ಮರಗಳು ಬೇರುಸಹಿತ ಉರುಳುವುದನ್ನು ಕಂಡವರಿಗೆ ಆ ಗೆರೆ ಯಾಕೆ ಎಂದು ಯಾರೂ ಹೇಳಬೇಕಿಲ್ಲ. ಕಡಲು ತನ್ನ ಗೆರೆಯನ್ನು ತಾನೇ ತಿದ್ದಿಕೊಳ್ಳುತ್ತದೆ.

ಹೀಗಾಗಿ ಪಂಚಾಂಗ ತಗ್ಗಿಸುವ ಹಾಗಿರಲಿಲ್ಲ. ನೆರೆಗಾಗಿ ಮನೆ ಎತ್ತರದಲ್ಲಿರಬೇಕು, ಅಮ್ಮನಿಗಾಗಿ ಮೆಟ್ಟಿಲು ಇರಬಾರದು. ಇವೆರಡರ ನಡುವೆ ಇರುವುದು ಇಳಿಜಾರು, ಎಲ್ಲರೂ ರ‍್ಯಾಂಪ್ ಎನ್ನುವುದು. ಮೇಸ್ತ್ರಿ ಮಾಡಿದ ಮೊದಲ ಗುರುತು ಆರಡಿ ಉದ್ದದ್ದು. "ಬೈಕ್ ಹತ್ತುತ್ತದಲ್ಲ" ಎಂದರು. ಬೈಕ್ ಹತ್ತುತ್ತದೆ. ಕುರ್ಚಿ ಹತ್ತುವುದಿಲ್ಲ, ಹತ್ತಿದರೂ ಇಳಿಯುವಾಗ ಮುಗ್ಗರಿಸುತ್ತದೆ.

ಒಂದಕ್ಕೆ ಹನ್ನೆರಡು ಎಂಬ ಅಳತೆ, ಅಂದರೆ ಒಂದಡಿ ಏರಲು ಹನ್ನೆರಡಡಿ ಉದ್ದ, ಯಾರೋ ಕೂತಲ್ಲೇ ಬರೆದದ್ದಲ್ಲ. ಎರಡನೇ ಮಹಾಯುದ್ಧದಿಂದ ಗಾಯಗೊಂಡು ಮರಳಿದ ಸೈನಿಕರು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸೇರಿದಾಗ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಟಿಮೊಥಿ ನ್ಯೂಜೆಂಟ್ ಎಂಬುವರು ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ಕಟ್ಟಡಗಳನ್ನು ತಿದ್ದತೊಡಗಿದರು. ಆ ಕೆಲಸದಿಂದ 1961ರಲ್ಲಿ ಅಮೆರಿಕದ ಮೊದಲ ಸುಗಮ್ಯತೆಯ ಮಾನಕ ಹೊರಬಂತು. 1985ರಲ್ಲಿ ರೊನಾಲ್ಡ್ ಮೇಸ್ 'ಸಾರ್ವತ್ರಿಕ ವಿನ್ಯಾಸ' ಎಂಬ ಮಾತನ್ನು ಬಳಕೆಗೆ ತಂದರು. ಬಾಲ್ಯದಲ್ಲೇ ಪೋಲಿಯೋ ತಗುಲಿ ಗಾಲಿಕುರ್ಚಿ ಬಳಸುತ್ತಿದ್ದ ವಾಸ್ತುಶಿಲ್ಪಿ ಅವರು. ಅಂಗವಿಕಲರಿಗೆಂದು ಬೇರೆ ಬಾಗಿಲು ಬೇಡ, ಎಲ್ಲರೂ ಒಂದೇ ಬಾಗಿಲಿನಿಂದ ಬರುವ ಹಾಗೆ ಕಟ್ಟಿ ಎಂಬುದು ಅವರ ಮಾತಿನ ಸಾರ. ನಮ್ಮಲ್ಲೂ 1995ರ ಕಾಯ್ದೆ, ಅದರ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇವೆ. ಅವು ಕಚೇರಿ, ಶಾಲೆ, ಆಸ್ಪತ್ರೆ, ನಿಲ್ದಾಣಗಳ ಬಾಗಿಲು ತಟ್ಟುತ್ತವೆ. ಮನೆಯ ಹೊಸ್ತಿಲಿನೊಳಗೆ ಮಾತ್ರ ನಾವೇ ಕಾನೂನು.

ಎರಡೂವರೆ ಅಡಿಗೆ ಮೂವತ್ತಡಿ ಇಳಿಜಾರು. ಅದನ್ನು ಬಡಗು ಗೋಡೆಗೆ ತಾಗಿಸಿ ಹದಿನೈದು ಅಡಿ ಏರಿಸಿ, ಮೂಲೆಯಲ್ಲಿ ಐದಡಿಯ ಸಮತಟ್ಟು ಕೊಟ್ಟು, ತಿರುಗಿಸಿ ಮುಂಭಾಗದಲ್ಲಿ ಇನ್ನು ಹದಿನೈದು ಅಡಿ ಏರಿಸಿದೆವು. ಮಾಡಿನ ಸೂರನ್ನು ಅಷ್ಟೂ ಉದ್ದಕ್ಕೆ ಹೊರಚಾಚಿದ್ದರಿಂದ ಅದು ಮಳೆಗೆ ನೆನೆಯುವುದಿಲ್ಲ. ನೆನೆದರೆ ಪಾಚಿ, ಪಾಚಿಯಾದರೆ ಜಾರಿಕೆ. ಹಳೆಯ ಮನೆಯ ಉದ್ದ ಜಗಲಿಯೇ ಒಂದು ಬದಿಗೆ ವಾಲಿದ ಹಾಗೆ ಅದು ಕಾಣುತ್ತದೆ. ಬಾಗಿಲುಗಳು ಮೂರಡಿ ಅಗಲ. ಬಚ್ಚಲಿಗೆ ಹೊಸ್ತಿಲಿಲ್ಲ, ನೆಲವೇ ಮೂಲೆಯ ಕಡೆ ಸ್ವಲ್ಪ ಇಳಿದಿದೆ. ಕಿಟಕಿಯ ಕಟ್ಟೆ ಎರಡಡಿಗೆ ಇಳಿದದ್ದರಿಂದ ಅಮ್ಮನಿಗೆ ಕೂತಲ್ಲಿಂದಲೇ ಬಾವಿಕಟ್ಟೆ ಕಾಣುತ್ತದೆ.

ತಮ್ಮನ ಜೊತೆಗೂ ರಾಜಿಯಾಯಿತು. ಮನೆಯ ಹೆಚ್ಚಿನ ಭಾಗಕ್ಕೆ ಅಜ್ಜನ ಹಂಚೇ ಮರಳಿ ಏರಿತು. ಒಡೆದವನ್ನು ಬಿಟ್ಟು, ತೊಳೆದು, ತಟ್ಟಿ ಸದ್ದು ಕೇಳಿ ಆರಿಸಿದೆವು. ಅಡುಗೆಮನೆ, ಬಚ್ಚಲಿನ ಮೇಲೆ ಮಾತ್ರ ತಾರಸಿ. ಅಲ್ಲಿಯೂ ಉಳಿದ ಹಂಚನ್ನು ಜೋಡಿ ಜೋಡಿಯಾಗಿ ಕಾಂಕ್ರೀಟಿನೊಳಗೆ ಹೂತೆವು. ಚಪ್ಪಡಿಯ ಕೆಳಭಾಗದ ಕಾಂಕ್ರೀಟು ಭಾರ ಹೊರುವುದು ಕಡಿಮೆ, ಆ ಜಾಗಕ್ಕೆ ಹಂಚು ತುಂಬಿದರೆ ಸಿಮೆಂಟು ಉಳಿಯುತ್ತದೆ. ಈ ವಿಧಾನವನ್ನು ಕೇರಳದಲ್ಲಿ ಬಳಕೆಗೆ ತಂದವರು ಲಾರಿ ಬೇಕರ್. ಅವರು 1945ರಲ್ಲಿ ಭಾರತಕ್ಕೆ ಬಂದದ್ದು ಕುಷ್ಠರೋಗಿಗಳ ಆಶ್ರಮಗಳನ್ನು ಕಟ್ಟುವ ಕೆಲಸಕ್ಕೆ. ಊರು ಹೊರಗಿಟ್ಟವರಿಗಾಗಿ ಕಟ್ಟುವುದರಿಂದಲೇ ಅವರ ಇಲ್ಲಿನ ಕಲಿಕೆ ಶುರುವಾಯಿತು.

ಮಾಡಿನ ನೀರನ್ನು ದೋಣಿಯಲ್ಲಿ ಹಿಡಿದು, ಮರಳು ಜಲ್ಲಿಯ ಗುಂಡಿಯಲ್ಲಿ ಸೋಸಿ ಬಾವಿಯ ಪಕ್ಕಕ್ಕೆ ಇಂಗಿಸುತ್ತೇವೆ. ಕಡಲಂಚಿನ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತರೆ ಕೆಳಗೆ ಸುಮಾರು ನಲವತ್ತಡಿ ಸಿಹಿನೀರಿರುತ್ತದೆ ಎಂಬುದು ಜಲವಿಜ್ಞಾನದ ಲೆಕ್ಕ. ಮೇಲಿನ ಒಂದಡಿ ಕಳೆದುಕೊಂಡರೆ ಕೆಳಗಿನ ನಲವತ್ತಡಿಯೂ ಹೋಗುತ್ತದೆ, ಬಾವಿ ಉಪ್ಪಾಗುತ್ತದೆ.

ಎಲ್ಲದಕ್ಕೂ ಒಪ್ಪಿದ ಅಮ್ಮ ಒಂದಕ್ಕೆ ಮಾತ್ರ ಒಪ್ಪಲಿಲ್ಲ. ಹೆಬ್ಬಾಗಿಲಿನ ಹೊಸ್ತಿಲು. "ಹೊಸ್ಲ್ ಇಲ್ದಿದ್ದದ್ದ್ ಎಂತಾ ಮನಿ ಮಗಾ? ಸೋಣೆ ತಿಂಗ್ಳಗೆ ಹೂ ಎಲ್ಲಿಡುದ್?" ಎಂದಳು. ಕುಂದಾಪುರದ ಕಡೆ ಸೋಣೆ ತಿಂಗಳಲ್ಲಿ ಹೆಂಗಸರು ಹೊಸ್ತಿಲನ್ನು ತೊಳೆದು, ರಂಗೋಲಿ ಬರೆದು, ಹೂವಿಟ್ಟು ಪೂಜಿಸುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ಅವಳು ಅದನ್ನು ತಪ್ಪಿಸಿರಲಿಲ್ಲ. ಅವಳನ್ನು ಬೀಳಿಸಿದ್ದು ಹೊಸ್ತಿಲು, ಅವಳು ಬಿಡಲಾರದ್ದೂ ಹೊಸ್ತಿಲು. ಪರಂಪರೆಯ ಬಗ್ಗೆ ನಾನು ಓದಿದ ಎಲ್ಲವೂ ಆ ಮಾತಿನ ಮುಂದೆ ತೂಕ ಕಳೆದುಕೊಂಡಿತು.

ದಾರಿ ತೋರಿಸಿದವರು ಮೇಸ್ತ್ರಿ. ಹಳೆಯ ಹಲಸಿನ ಹೊಸ್ತಿಲನ್ನು ಎಸೆಯುವುದು ಬೇಡ, ನೆಲದೊಳಗೆ ಕೂರಿಸೋಣ ಎಂದರು. ಕಲ್ಲು ಕಡಿದು ಗುಂಡಿ ಮಾಡಿ, ಮರದ ಮೇಲ್ಮೈ ನೆಲದ ಮಟ್ಟಕ್ಕೆ ಸರಿಯಾಗಿ ಬರುವಂತೆ ಇಳಿಸಿದರು. ಈಗ ಹೊಸ್ತಿಲು ಇದೆ, ಎಡವುವುದಿಲ್ಲ. ಗಾಲಿ ಅದರ ಮೇಲೆ ಹಾದು ಹೋಗುವಾಗ ಸಣ್ಣ ಸದ್ದು ಮಾತ್ರ. ಇರಚಲು ನೀರಿಗೆ ಬಾಗಿಲಿನ ಹೊರಗೆ ಕಬ್ಬಿಣದ ಜಾಲರಿ ಮುಚ್ಚಿದ ಸಣ್ಣ ಚರಂಡಿ ಇದೆ. ಜಾಲರಿ ಈಗಾಗಲೇ ತುಕ್ಕು ಹಿಡಿಯತೊಡಗಿದೆ. ಬದಲಾಯಿಸಬೇಕು.

ಹೊಸ ಮನೆಯ ಮೊದಲ ಸೋಣೆ ಬಂತು. ಅಮ್ಮ ಬೆಳಿಗ್ಗೆ ಬೇಗ ತಲೆಗೆ ಸ್ನಾನ ಮಾಡಿ ಕುರ್ಚಿಯಲ್ಲಿ ಬಾಗಿಲಿಗೆ ಬಂದಳು. ನಾನು ಲೆಕ್ಕ ಹಾಕದ ಒಂದು ವಿಷಯ ಆಗ ಗೊತ್ತಾಯಿತು. ಹೊಸ್ತಿಲು ಎತ್ತರಕ್ಕಿದ್ದಿದ್ದರೆ ಕೂತಲ್ಲಿಂದ ಬಾಗಿ ಮುಟ್ಟಬಹುದಿತ್ತೇನೋ. ನೆಲಕ್ಕಿಳಿದ ಹೊಸ್ತಿಲು ಅವಳ ಕೈಗೆ ಎಟುಕಲಿಲ್ಲ. ಎರಡು ಸಲ ಬಾಗಿದಳು. ಆಮೇಲೆ ನನ್ನ ಮಗಳನ್ನು ಕರೆದು ರಂಗೋಲಿ ಬರೆಸಿದಳು, ಗೆರೆ ಸೊಟ್ಟಗಾದಾಗ ಗದರಿದಳು, ಹೂವನ್ನು ಮಾತ್ರ ಕೂತಲ್ಲಿಂದಲೇ ಒಂದೊಂದಾಗಿ ಹಾಕಿದಳು. ಕೆಲವು ಮರದ ಮೇಲೆ ಬಿದ್ದವು, ಕೆಲವು ಆಚೆ ಈಚೆ.

ಪೂಜೆ ಮುಗಿದ ಮೇಲೆ ಇಳಿಜಾರಿನಲ್ಲಿ ತಾನೇ ಗಾಲಿ ತಳ್ಳಿಕೊಂಡು ಮೆಲ್ಲಗೆ ಅಂಗಳಕ್ಕೆ ಇಳಿದಳು. ತುಳಸಿಕಟ್ಟೆಯ ಹತ್ತಿರ ನಿಂತು ಮಾಡಿನ ಕಡೆ ನೋಡಿದಳು. ನಾನು ಹಿಂದೆ ಹೋಗಲಿಲ್ಲ. ಅವಳನ್ನು ಯಾರೂ ಹೊತ್ತಿರಲಿಲ್ಲ. ಮೇಲೆ ಎಲ್ಲೋ 1865ರ ಮುದ್ರೆಯ ಆ ಹಂಚು ಮೂರನೆಯ ಮನೆಯ ಮಳೆಯನ್ನು ಹೊರುತ್ತಿತ್ತು.